ಕಾಳಿ ನದಿಯ ತಿಸ್ರೆ

ಸಂಜೆ ಆಫೀಸಿನಿಂದ ಬಂದಾಗ ಪಕ್ಕದ ಮನೆ ಅಕ್ಕ ಜಗಲಿಯಲ್ಲಿ ಕೂತಿದ್ದರು. ಮುಂದೆ ಈಳಿಗೆಮಣೆ, ಒಂದು ಬುಟ್ಟಿ ತಿಸ್ರೆ, ಅಂದರೆ ಚಿಪ್ಪುಮೀನು. "ಬಾ ತಂಗಿ, ಕೂತ್ಕೋ, ಕಲಿ" ಅಂದರು.

ಚಿಪ್ಪಿನ ಸಂದಿಯನ್ನು ಅಲಗಿಗೆ ಒತ್ತಿದರೆ ಟಕ್ ಅಂತ ಎರಡಾಗುತ್ತದೆ. ಮಾಂಸ ಅಂಟಿದ ಅರ್ಧ ಪಾತ್ರೆಗೆ, ಖಾಲಿ ಅರ್ಧ ಹೊರಗೆ. ಅವರ ಕೈ ಓಡುತ್ತಲೇ ಇತ್ತು. ನಾನು ಬೆರಳು ಜೋಪಾನ ಮಾಡಿಕೊಂಡು ನಿಧಾನಕ್ಕೆ ಒತ್ತುತ್ತಿದ್ದೆ.

ಕಾಳಿ ನದಿ ಸಮುದ್ರ ಸೇರುವ ಕಡೆ, ನೀರು ಇಳಿದಾಗ ಇದನ್ನು ಆರಿಸುತ್ತಾರೆ. "ಮೀನು ಈಗಲೇ ತಿಂದುಬಿಡು. ಜೂನ್ 1ರಿಂದ ಜುಲೈ 31ರವರೆಗೆ ದೊಡ್ಡ ಬೋಟು ಕಡಲಿಗೆ ಇಳಿಯಲ್ಲ. ಆಮೇಲೆ ಒಣಮೀನೇ ಜಾಸ್ತಿ" ಅಂದರು.

ನಮ್ಮ ವಿಜಯಪುರದ ಕಡೆ ಕಾಲ ನಡೆಯೋದು ಜೋಳದ ಬಿತ್ತನೆ, ರಾಶಿ ಮೇಲೆ. ಕಾರವಾರದಲ್ಲಿ ಬೋಟು, ಉಬ್ಬರ, ಇಳಿತ. ಹೊಸ ಊರಿಗೆ ಬಂದರೆ ಬಾಡಿಗೆ ಮನೆ, ಗ್ಯಾಸು ಎಲ್ಲ ಹೇಗೋ ಬೇಗ ಆಗಿಬಿಡುತ್ತದೆ. ಯಾವ ತಿಂಗಳಲ್ಲಿ ಏನು ತಿನ್ನಬೇಕು ಅಂತ ಹೇಳುವವರು ಸಿಗೋದು ಕಷ್ಟ, ಅಲ್ವಾ? ನನಗೆ ಸಿಕ್ಕಿದ್ದಾರೆ. ನಿಜಕ್ಕೂ ತುಂಬಾ ಖುಷಿಯಾಗಿದೆ.

ಕಾಯಿತುರಿ ಹಾಕಿದ ತಿಸ್ರೆ ಸುಕ್ಕೆ (ಒಣ ಪಲ್ಯ) ಈಗಷ್ಟೇ ಒಲೆಯಿಂದ ಇಳಿಯಿತು. ಭಾನುವಾರ ನಾನು ಅವರಿಗೆ ರೊಟ್ಟಿ ಬಡಿಯೋದು ತೋರಿಸಬೇಕು. ಹಿಟ್ಟು ಊರಿಂದ ತಂದಿದ್ದೇನೆ.