ಟ್ರಾಂಬೋನಿಗೆ ಒಂದು ಗೇಣು ಜಾಗ

ನ್ಯೂ ಆರ್ಲಿಯನ್ಸ್, 11 ನವೆಂಬರ್ 2024, ಸೋಮವಾರ

ರಾತ್ರಿ ಹನ್ನೆರಡೂವರೆ. ಕಿವಿ ಇನ್ನೂ ಗುಂಯ್‌ಗುಡುತ್ತಿದೆ, ನಿದ್ದೆ ಹತ್ತಿರ ಸುಳಿಯುತ್ತಿಲ್ಲ. ಬರೆದೇ ಮಲಗುತ್ತೇನೆ.

ಅಕ್ಕನ ಮಗ ಇಲ್ಲಿ ಓದುತ್ತಿದ್ದಾನೆ. ಸಂಜೆ ನನ್ನನ್ನು ಜಾಝ್ ಸಂಗೀತ ಕೇಳಿಸಲು ಫ್ರೆಂಚ್‌ಮೆನ್ ಸ್ಟ್ರೀಟಿಗೆ ಕರೆದುಕೊಂಡು ಹೋದ. ಬಾರ್ ಪಕ್ಕ ಬಾರ್, ಒಂದೊಂದು ಬಾಗಿಲಿಂದ ಒಂದೊಂದು ವಾದ್ಯ. ನಾವು ಹೊಕ್ಕಿದ್ದು ಸ್ಪಾಟೆಡ್ ಕ್ಯಾಟ್ ಎಂಬ ಪುಟ್ಟ ಜಾಗ. ಬೀದಿ ಕಡೆಯ ಕಿಟಕಿಗೆ ಬೆನ್ನು ಕೊಟ್ಟು ಆರು ಜನ ವಾದಕರು ಒತ್ತೊತ್ತಾಗಿ ನಿಂತಿದ್ದರು. ಕುಡಿಯಲು ಏನಾದರೂ ತಗೋಬೇಕಿತ್ತು. ನಾನು ಸೋಡಾ ತಗೊಂಡೆ.

ಮೊದಲ ಹತ್ತು ನಿಮಿಷ ನನಗೆ ಸಂಕಟವೇ ಆಯಿತು. ಐಸ್ ಕುಲುಕುವ ಸದ್ದು, ಆರ್ಡರ್ ಕೂಗು, ಬೆನ್ನ ಹಿಂದೆ ಯಾರದೋ ಹುಟ್ಟುಹಬ್ಬದ ಗಲಾಟೆ. ಚಾಮರಾಜಪೇಟೆಯ ರಾಮನವಮಿ ಪೆಂಡಾಲಿನಲ್ಲಿ ಅಪ್ಪನ ಪಕ್ಕ ಕೂತು ಕಛೇರಿ ಕೇಳಿ ಬೆಳೆದವಳು ನಾನು. ಪಿಸುಗುಟ್ಟಿದರೂ ಅಪ್ಪ ಹುಬ್ಬು ಏರಿಸುತ್ತಿದ್ದರು.

ಆಮೇಲೆ ಟ್ರಾಂಬೋನ್ ಎಂಬ ಉದ್ದನೆಯ ಊದುವಾದ್ಯ ಶುರುವಾಯಿತು. ಅದರ ಹಿತ್ತಾಳೆ ಕೊಳವೆ ಜಾರಿ ಮುಂದೆ ಬಂದಾಗ ನನ್ನ ಮೂಗಿಗೂ ಅದಕ್ಕೂ ಒಂದು ಗೇಣು. "ಚಿಕ್ಕಮ್ಮ, ಸ್ವಲ್ಪ ಈ ಕಡೆ ಬಾ" ಅಂತ ಹುಡುಗ ತೋಳು ಹಿಡಿದು ಎಳೆದ. ನೂರು ವರ್ಷದ ಹಿಂದೆ ಇಲ್ಲಿನ ಬ್ಯಾಂಡುಗಳು ಕುದುರೆಗಾಡಿ ಹತ್ತಿ, ನುಡಿಸುತ್ತ ಊರು ಸುತ್ತುತ್ತಿದ್ದವಂತೆ. ಟ್ರಾಂಬೋನಿನವನಿಗೆ ಕೈ ಚಾಚಲು ಜಾಗ ಬೇಕಲ್ಲ, ಗಾಡಿಯ ಹಿಂದಿನ ಹಲಗೆ (ಇಂಗ್ಲಿಷಿನಲ್ಲಿ ಟೇಲ್‌ಗೇಟ್) ಇಳಿಸಿ ಅವನನ್ನು ಅಲ್ಲಿ ಕೂರಿಸುತ್ತಿದ್ದರು. ಆ ಜಾರುಸ್ವರದ ಶೈಲಿಗೆ ಈಗಲೂ ಟೇಲ್‌ಗೇಟ್ ಅಂತಲೇ ಹೆಸರು. ಬೀದಿಯಲ್ಲಿ, ಗಾಡಿ ಚಕ್ರದ ಸದ್ದಿನ ನಡುವೆ ಬೆಳೆದ ಸಂಗೀತ ಇದು. ಅದು ನಮ್ಮಿಂದ ಮೌನ ಕೇಳುತ್ತಿಲ್ಲ ಅನ್ನಿಸಿದ ಮೇಲೆ ಹಿಂದಿನ ಗಲಾಟೆ ನನ್ನನ್ನು ಕಾಡಲಿಲ್ಲ.

ಟ್ರಂಪೆಟ್ ಹಾಡಿನ ಧಾಟಿ ಹಿಡಿದಿತ್ತು, ಕ್ಲ್ಯಾರಿನೆಟ್ ಅದರ ಮೇಲೆ ಬಳ್ಳಿಯ ಹಾಗೆ ಹಬ್ಬುತ್ತಿತ್ತು, ಟ್ರಾಂಬೋನ್ ಕೆಳಗಿಂದ ತುಂಬುತ್ತಿತ್ತು. ಮೂವರದೂ ಒಟ್ಟಿಗೇ ಮನೋಧರ್ಮ, ಅಂದರೆ ಆಗಿಂದಾಗಲೇ ಹುಟ್ಟಿಸಿ ನುಡಿಸುವುದು, ಆದರೂ ಒಬ್ಬರ ಕಾಲು ಇನ್ನೊಬ್ಬರು ತುಳಿಯಲಿಲ್ಲ. ನಮ್ಮಲ್ಲಿ ಗಾಯಕರು ಸ್ವರ ಹಾಕಿದ ಮೇಲೆ ಪಿಟೀಲಿನ ಸರದಿ. ಇಲ್ಲಿ ಸರದಿಯೇ ಇಲ್ಲದೆ ಹೊಂದಿಕೊಳ್ಳುವುದು ನೋಡಿ ರೋಮಾಂಚನವಾಯಿತು. ಟ್ರಂಪೆಟಿನವರು ಒಂದು ರಬ್ಬರ್ ಬಟ್ಟಲು ಎತ್ತಿಕೊಂಡರು. ಕಟ್ಟಿಕೊಂಡ ಸಿಂಕಿಗೆ ಒತ್ತುತ್ತೇವಲ್ಲ, ಅದೇ, ಹಿಡಿಕೆ ತೆಗೆದದ್ದು. ಅದನ್ನು ಟ್ರಂಪೆಟಿನ ಅಗಲ ಬಾಯಿಗೆ ಅಡ್ಡ ಹಿಡಿದು ಬಿಟ್ಟು ಮಾಡಿದಾಗ ಅದು ಗೊಣಗಿತು, ಅತ್ತಿತು, ರೇಗಿತು.

ನನಗರಿವಿಲ್ಲದೆ ಕೈ ತೊಡೆ ಮೇಲೆ ಆದಿತಾಳ ಹಾಕುತ್ತಿತ್ತು, ಪೆಟ್ಟು ಸಮಕ್ಕೆ ಸರಿಯಾಗಿ. ಪಕ್ಕದಲ್ಲಿದ್ದ ನರೆಗೂದಲಿನ ಹೆಂಗಸು ನೋಡಿ ನಕ್ಕರು. ಏನೂ ಹೇಳದೆ ನನ್ನ ಮಣಿಕಟ್ಟು ಹಿಡಿದು, ಒಂದಕ್ಕೆ ಬಿಟ್ಟು, ಎರಡಕ್ಕೆ ತಟ್ಟಿಸಿದರು. ಮೂರಕ್ಕೆ ಬಿಟ್ಟು, ನಾಲ್ಕಕ್ಕೆ ತಟ್ಟಿಸಿದರು. ನಾಲ್ಕೈದು ಆವರ್ತ ಎಡವಿ ಆಮೇಲೆ ಸಿಕ್ಕಿತು. ಸಿಕ್ಕ ಕೂಡಲೇ ಇಡೀ ಹಾಡು ಒಂದು ಹೆಜ್ಜೆ ಮುಂದಕ್ಕೆ ಬಾಗಿ ನಡೆಯತೊಡಗಿತು.

ಆಳೆತ್ತರದ ಪಿಟೀಲಿನಂಥ ಡಬಲ್ ಬೇಸ್ ಒಂಟಿಯಾಗಿ ನುಡಿದಾಗ ಹಿಂದೆ ಮಾತು ನಿಲ್ಲಲಿಲ್ಲ, ನುಡಿಸುವವರೂ ಜೋರು ಮಾಡಲಿಲ್ಲ. ಹತ್ತಿರವಿದ್ದ ಹತ್ತು ಮಂದಿ ಇನ್ನೂ ಹತ್ತಿರ ಸರಿದೆವು. ತಂತಿಯ ನಡುಕ ಕಿವಿಗಿಂತ ಮೊದಲು ಅಂಗಾಲಿಗೆ ಬಂತು, ಮರದ ನೆಲದಿಂದ.

ವಿರಾಮದಲ್ಲಿ ವಾದಕರಿಗೆ ಹಣ ಹಾಕುವ ಬಕೆಟ್ ಬಂತು, ಇಪ್ಪತ್ತು ಡಾಲರ್ ಹಾಕಿದೆ. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಕದ್ರಿ ಗೋಪಾಲನಾಥರು ಅದಕ್ಕೆ ಒಲಿದ ಕಥೆ ಹುಡುಗನಿಗೆ ಆಗಲೇ ಹೇಳಿದೆ. ಅವನಿಗೆ ಗೊತ್ತೇ ಇರಲಿಲ್ಲ. ಊರಿಗೆ ಹೋದಮೇಲೆ ಅವರ ಒಂದು ಕಛೇರಿ ಕಳಿಸಬೇಕು.

ಹೊರಗೆ ಬಂದು ಕಿಟಕಿಯ ಹತ್ತಿರ ಇನ್ನೊಂದು ಹಾಡು ನಿಂತು ಕೇಳಿದೆವು. ನನ್ನ ಜಾಗದಲ್ಲಿ ಈಗ ಬೇರೊಬ್ಬ ಹುಡುಗಿ. ಕೊಳವೆ ಜಾರಿ ಮುಂದೆ ಬಂದಾಗ ನಗುತ್ತ ತಲೆ ಹಿಂದಕ್ಕೆಳೆದುಕೊಂಡಳು.