ಮರದ ಚಕಮಕಿ ಲಾಕ್: ಆರನೆಯ ವಾರದ ಪ್ರಗತಿ

ಚಕಮಕಿ ಬಂದೂಕಿನ ಲಾಕನ್ನು, ಅಂದರೆ ನಳಿಗೆಯ ಬದಿಯಲ್ಲಿ ಕುಳಿತು ಮದ್ದಿಗೆ ಕಿಡಿ ಮುಟ್ಟಿಸುವ ಯಂತ್ರಭಾಗವನ್ನು ಮಾತ್ರ, ನಿಜ ಗಾತ್ರದ ನಾಲ್ಕರಷ್ಟು ದೊಡ್ಡದಾಗಿ ಮರದಲ್ಲಿ ಮಾಡುವ ಕೆಲಸ ಈ ಭಾನುವಾರ ಮುಗಿಯಬೇಕಿತ್ತು, ಮುಗಿಯಲಿಲ್ಲ. ಈ ಮಾದರಿಗೆ ನಳಿಗೆಯಿಲ್ಲ, ಮದ್ದಿಲ್ಲ. ಒಳಗಿನ ಭಾಗಗಳು ಒಂದನ್ನೊಂದು ಹೇಗೆ ಹಿಡಿದು ಬಿಡುತ್ತವೆ ಎಂಬುದನ್ನು ಕಣ್ಣಾರೆ ಕಾಣುವುದಷ್ಟೇ ಇದರ ಉದ್ದೇಶ.

ಮುರಿದದ್ದು, ಟ್ರಿಗರ್ ಒತ್ತುವವರೆಗೆ ಲಾಕನ್ನು ತಡೆದು ಹಿಡಿಯುವ ಕೊಕ್ಕೆಯ ಮೂತಿ. ಕಲ್ಲನ್ನು ಕಚ್ಚಿ ಹಿಡಿಯುವ ಕುದುರೆ ಹೊರಗಡೆ ಇದ್ದರೆ, ಅದೇ ಅಚ್ಚಿನ ಒಳತುದಿಯಲ್ಲಿ ಒಂದು ಬಿಲ್ಲೆಯಿದ್ದು, ಅದರ ಅಂಚಿನಲ್ಲಿ ಎರಡು ಕಚ್ಚುಗಳಿರುತ್ತವೆ. ಕುದುರೆಯನ್ನು ಅರ್ಧಕ್ಕೆ ಎಳೆದಾಗ ಕೊಕ್ಕೆ ಆಳವಾದ ಮೊದಲ ಕಚ್ಚಿಗೆ ಬೀಳುತ್ತದೆ. ಅಲ್ಲಿಂದ ಟ್ರಿಗರ್ ಎಷ್ಟು ಒತ್ತಿದರೂ ಅದು ಬಿಡುವುದಿಲ್ಲ. ಪೂರ್ತಿ ಎಳೆದಾಗ ಸಿಗುವ ಎರಡನೆಯ ಕಚ್ಚು ತೆಳುವಾದದ್ದು, ಸುಲಭವಾಗಿ ಜಾರುವಂಥದ್ದು. ನಾನು ಟ್ರಿಗರನ್ನು ಮೆಲ್ಲಗೆ ಒತ್ತಿ ಬೆರಳು ತೆಗೆದುಬಿಟ್ಟೆ. ಕುದುರೆ ಬೀಳುವ ದಾರಿಯಲ್ಲೇ ಕೊಕ್ಕೆ ಮತ್ತೆ ಅರ್ಧದ ಕಚ್ಚಿಗೆ ಸಿಕ್ಕಿ, ಮರದ ಎಳೆಗೆ ಅಡ್ಡವಾಗಿ ಕೊಯ್ದಿದ್ದ ಮೂತಿ ಟಕ್ಕನೆ ಹಾರಿಹೋಯಿತು. ಸೈನಿಕರ ಬಂದೂಕುಗಳಲ್ಲಿ ಟ್ರಿಗರ್ ಬಿಗಿಯಾಗಿರುತ್ತಿದ್ದುದರಿಂದ, ಬಲವಾಗಿ ಒತ್ತಿದ ಬೆರಳೇ ಕೊಕ್ಕೆಯನ್ನು ದೂರ ಹಿಡಿದಿರುತ್ತಿತ್ತು. ಹಗುರ ಟ್ರಿಗರಿನ ರೈಫಲ್ಲುಗಳಲ್ಲಿ ಕೊಕ್ಕೆ ಅರ್ಧದ ಕಚ್ಚಿಗೆ ಸಿಗದೆ ದಾಟಿಹೋಗಲೆಂದು ಬಿಲ್ಲೆಯೊಳಗೆ ಇನ್ನೊಂದು ಪುಟ್ಟ ತುಂಡನ್ನು ಸೇರಿಸುತ್ತಿದ್ದರೆಂದು ಓದಿದ್ದೆ. ಆ ತುಂಡು ಏಕೆ ಬೇಕೆಂಬುದು ನನ್ನದು ಮುರಿದ ಮೇಲೆಯೇ ಮನದಟ್ಟಾಯಿತು. ಹೊಸ ಕೊಕ್ಕೆಯನ್ನು ಬೀಟೆಯಲ್ಲಿ, ಎಳೆಯ ಉದ್ದಕ್ಕೇ ಕೊಯ್ದಿದ್ದೇನೆ.

ಬತ್ತಿ ಬಂದೂಕಿನಲ್ಲಿ ಇಷ್ಟೆಲ್ಲ ರಗಳೆಯಿರಲಿಲ್ಲ, ಹೊತ್ತಿದ ಬತ್ತಿಯನ್ನು ರಂಜಕದ, ಅಂದರೆ ಮೊದಲು ಹೊತ್ತಿಕೊಳ್ಳುವ ಚಿಟಿಕೆ ಮದ್ದಿನ, ಬಟ್ಟಲಿಗೆ ತಂದು ಮುಟ್ಟಿಸಿದರಾಯಿತು. ಆದರೆ ಮಳೆ ಬಂದರೆ ಬತ್ತಿಯೂ ಹೋಯಿತು, ಬಂದೂಕೂ ಹೋಯಿತು. 17ನೆಯ ಶತಮಾನದ ಆರಂಭದಲ್ಲಿ ಫ್ರಾನ್ಸಿನಲ್ಲಿ ರೂಪುಗೊಂಡ, ಸಾಮಾನ್ಯವಾಗಿ ಮಾರಾಂ ಲ ಬೂರ್ಜ್ವಾ ಎಂಬ ಕುಶಲಕರ್ಮಿಯ ಹೆಸರಿನೊಂದಿಗೆ ಹೇಳಲಾಗುವ ಲಾಕಿನಲ್ಲಿ, ಕಲ್ಲು ಉಜ್ಜುವ ಉಕ್ಕಿನ ತಟ್ಟೆಯೂ ಬಟ್ಟಲಿನ ಮುಚ್ಚಳವೂ ಒಂದೇ ತುಂಡಾದವು. ಕಲ್ಲು ಬಡಿದೊಡನೆ ಉಕ್ಕಿನ ಸಣ್ಣ ಚೂರುಗಳು ಕೆರೆದು ಹೊತ್ತಿಕೊಳ್ಳುತ್ತವೆ, ಅದೇ ಏಟಿಗೆ ಮುಚ್ಚಳವೂ ತೆರೆದುಕೊಳ್ಳುತ್ತದೆ. ಮರದ ಮಾದರಿಯಲ್ಲಿ ಕಿಡಿಯಿಲ್ಲದಿದ್ದರೂ ಈ ಜೋಡಿ ಚಲನೆಯನ್ನು ಎಷ್ಟು ಸಲ ನೋಡಿದರೂ ನನಗೆ ಬೇಸರವಿಲ್ಲ.

ಕುದುರೆಯ ಆಕಾರಕ್ಕೆ ಶ್ರೀರಂಗಪಟ್ಟಣವನ್ನು ಅನುಸರಿಸುವ ಆಸೆಯಿತ್ತು. ಟಿಪ್ಪು ಸುಲ್ತಾನನಿಗಾಗಿ ಅಲ್ಲಿ ತಯಾರಾದ ಕೆಲವು ಬಂದೂಕುಗಳಲ್ಲಿ ಯಂತ್ರ ಯುರೋಪಿನ ಮಾದರಿಯದೇ ಆದರೂ, ಕುದುರೆಯನ್ನು ಹುಲಿಯಾಗಿ ಕೆತ್ತಿದ್ದಾರೆ. ನನ್ನ ಉಳಿ ಅಷ್ಟು ಪಳಗಿಲ್ಲ. ಎರಡು ಸಲ ಕೆತ್ತಿದರೂ ಬೆಕ್ಕೇ ಬಂದದ್ದರಿಂದ ಬ್ರಿಟಿಷ್ ಸೈನ್ಯದ ಬ್ರೌನ್ ಬೆಸ್ ಬಂದೂಕಿನ ಸಾದಾ, ಹಂಸದ ಕೊರಳಿನಂತೆ ಬಾಗಿದ ಕುದುರೆಗೇ ಒಪ್ಪಿಕೊಂಡೆ.

ಈ ವಾರದ ಲಾಭವೆಂದರೆ ಕೇಪಿನ ಜೋಡಣೆ. ಸ್ಕಾಟ್ಲೆಂಡಿನ ಪಾದ್ರಿ ಅಲೆಕ್ಸಾಂಡರ್ ಫೋರ್ಸಿತ್, ಬಟ್ಟಲಿನ ಮಿಂಚು ಕಂಡು ಹಕ್ಕಿಗಳು ಹಾರಿಹೋಗುವುದಕ್ಕೆ ಬೇಸತ್ತು, ಏಟಿಗೆ ಸಿಡಿಯುವ ರಾಸಾಯನಿಕವನ್ನು ಬಳಸಿ 1807ರಲ್ಲಿ ಪೇಟೆಂಟ್ ಪಡೆದರು. ಆ ರಾಸಾಯನಿಕವನ್ನು ತುಂಬಿದ ಪುಟ್ಟ ತಾಮ್ರದ ಟೋಪಿ, ಅಂದರೆ ಕೇಪು, ಆಮೇಲೆ ಬಂತು. 1834ರಲ್ಲಿ ಇಂಗ್ಲೆಂಡಿನ ವುಲ್ವಿಚ್‌ನಲ್ಲಿ ನಡೆದ ಪರೀಕ್ಷೆಯಲ್ಲಿ 6000 ಈಡುಗಳಿಗೆ ಚಕಮಕಿ 922 ಸಲ ಹುಸಿಹೋದರೆ, ಕೇಪು ಹುಸಿಹೋದದ್ದು 36 ಸಲ. ಇಷ್ಟು ದೊಡ್ಡ ಅಂತರಕ್ಕೆ ಲಾಕಿನ ಒಳಗೆ ಏನೆಲ್ಲ ಬದಲಾಗಿರಬೇಕೆಂದು ಹುಡುಕಿದರೆ, ಏನೂ ಇಲ್ಲ. ಬಟ್ಟಲನ್ನೂ ಉಕ್ಕಿನ ತಟ್ಟೆಯನ್ನೂ ತೆಗೆದು, ಕಲ್ಲಿನ ಕುದುರೆಯ ಜಾಗಕ್ಕೆ ಸುತ್ತಿಗೆಯಂಥ ಕುದುರೆಯನ್ನು ಕೂರಿಸಿ, ನಳಿಗೆಗೆ ಕೇಪು ತೊಡಿಸುವ ಮೊಳೆಯೊಂದನ್ನು ಬಿಗಿದು, ಸೈನ್ಯಗಳು ಹಳೆಯ ಬಂದೂಕುಗಳನ್ನೇ ಹೊಸದಾಗಿಸಿಕೊಂಡವು. ನನ್ನ ಮಾದರಿಯಲ್ಲಿ ಈ ಅದಲುಬದಲಿಗೆ ಹನ್ನೊಂದು ನಿಮಿಷ ಹಿಡಿಯಿತು. ಬಿಲ್ಲೆ, ಕೊಕ್ಕೆ, ಸ್ಪ್ರಿಂಗುಗಳನ್ನು ಮುಟ್ಟಲೇ ಇಲ್ಲ.

ಉಳಿದದ್ದು ಮುಖ್ಯ ಸ್ಪ್ರಿಂಗ್. ಹ್ಯಾಕ್ಸಾ ಬ್ಲೇಡನ್ನು ಬಗ್ಗಿಸಿ ಹಾಕಿರುವುದು ಕುದುರೆಯನ್ನು ಬೀಳಿಸುತ್ತದೆಯೇ ಹೊರತು ಬಡಿಸುವುದಿಲ್ಲ. ಮುಂದಿನ ವಾರ ಎರಡು ಬ್ಲೇಡುಗಳನ್ನು ಜೋಡಿಸಿ ನೋಡಬೇಕು.