ಮೇಘನಾ ಮೆಕ್‌ಘನಾ ಆದಳು

9 ಫೆಬ್ರವರಿ 2024, ಶುಕ್ರವಾರ ರಾತ್ರಿ

ನಾನೇ ಕಂಪ್ಯೂಟರಲ್ಲಿ ಮಾಡಿಕೊಟ್ಟ ಮೇಘನಾ ಮದುವೆಯ ಕಾರ್ಡು ಅಚ್ಚಾಗಿ ಬಂತು. ಕಟ್ಟು ಬಿಚ್ಚಿ ಒಂದು ತೆಗೆದು ನೋಡಿದೆ, ಎದೆ ಧಸಕ್ಕೆಂದಿತು.

ಕನ್ನಡದ ಕಡೆ ಏನೂ ತೊಂದರೆ ಇಲ್ಲ. ಇಂಗ್ಲಿಷ್ ಕಡೆ ಮೇಲೆ ದೊಡ್ಡದಾಗಿ ಹಾಕಿದ ಹೆಸರುಗಳೂ ಜರಿ ಅಂಚಿನ ಸೀರೆಯ ಹಾಗೆ ಮಿಂಚುತ್ತಿವೆ. ಕೆಳಗೆ ಅಜ್ಜ ಅಜ್ಜಿ ಹೆಸರಿನ ಜೊತೆ 9 ಪಾಯಿಂಟ್ ಅಳತೆಯ ಪುಟ್ಟ ಅಕ್ಷರದಲ್ಲಿ ಮತ್ತೆ ಅವಳ ಹೆಸರಿದೆಯಲ್ಲ, ಅಲ್ಲಿ ‘ಇ’ (e) ಅಕ್ಷರದ ಅಡ್ಡಗೆರೆಯೇ ಮಾಯ. ಕಾಗದ ತರಿತರಿ, ಮೇಲೆ ಚಿನ್ನದ ಬಣ್ಣದ ಇಂಕು, ಆ ಕೂದಲೆಳೆಯಂಥ ಗೆರೆ ಕೂತೇ ಇಲ್ಲ. ‘ಇ’ ಹೋಗಿ ‘ಸಿ’ (c) ಆಗಿದೆ. ನಮ್ಮ ಮೇಘನಾ ಈಗ ಮೆಕ್‌ಘನಾ!

ಚಿಕ್ಕಪ್ಪನಿಗೆ ಫೋನ್ ಮಾಡಿದೆ. ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸಿಯೇ ಸಂಸಾರ ಸಾಕಿದವರು. ನಗುತ್ತಾರೆ ಅಂದುಕೊಂಡಿದ್ದೆ, ನಗಲಿಲ್ಲ.

“ಯಾವ ಮಾದರಿ ಅಕ್ಷರ ಹಾಕಿದ್ಯೋ?”

“ಬೊಡೋನಿ, ಚಿಕ್ಕಪ್ಪ.”

“ಎಷ್ಟು ಪಾಯಿಂಟಿಗೆ ಮಾಡಿದ್ದು?”

“ಕಂಪ್ಯೂಟರಲ್ಲಿ ಹಾಗೇನಿಲ್ಲ, ಎಷ್ಟಕ್ಕೆ ಬೇಕಾದರೂ ಎಳೀಬಹುದು.”

“ಎಳೆದೆಯಲ್ಲ, ಅಲ್ಲೇ ಎಡವಟ್ಟಾಗಿದ್ದು. 8 ಪಾಯಿಂಟಿನ ಮೊಳೆಯೇ ಬೇರೆ, 36ರದ್ದೇ ಬೇರೆ ಕಣೋ. ಚಿಕ್ಕದರಲ್ಲಿ ಸಣ್ಣ ಗೆರೆಯನ್ನ ಸ್ವಲ್ಪ ದಪ್ಪ ಬಿಡ್ತಾರೆ. ಇಲ್ಲಾಂದ್ರೆ ಅಚ್ಚಲ್ಲಿ ನಿಲ್ಲಲ್ಲ.”

ನನಗೆ ಗೊತ್ತಿಲ್ಲದ್ದೇನಲ್ಲ, ಅದೇ ಹೊಟ್ಟೆಯುರಿ. ಇಟಲಿಯ ಪಾರ್ಮಾದಲ್ಲಿ ಡ್ಯೂಕನ ಮುದ್ರಣಾಲಯ ನೋಡಿಕೊಳ್ಳಲು 1768ರಲ್ಲಿ ಹೋದ ಜಾಂಬಟಿಸ್ಟಾ ಬೊಡೋನಿ ಇಡೀ ಬದುಕು ಮಾಡಿದ್ದು ಇದನ್ನೇ. ನಿಂತ ಗೆರೆ ಕಂಬದಷ್ಟು ದಪ್ಪ, ಅಡ್ಡಗೆರೆ ಎಳೆಯಷ್ಟು ಸಣ್ಣ, ಪಾದದ ಗೆರೆ ಬಾಗದೆ ಬಳುಕದೆ ನೇರ. ಒಂದೊಂದು ಅಳತೆಗೂ ಬೇರೆ ಬೇರೆ ಅಚ್ಚು. ಅವನು ತೀರಿಕೊಂಡಿದ್ದು 1813ರಲ್ಲಿ. ಆ ಅಕ್ಷರಗಳ ದೊಡ್ಡ ಪುಸ್ತಕವನ್ನು ಎರಡು ಸಂಪುಟ ಮಾಡಿ 1818ರಲ್ಲಿ ಹೊರತಂದಿದ್ದು ಅವನ ಹೆಂಡತಿ ಮಾರ್ಗರೀಟಾ. ಆಕೆಯ ಬಗ್ಗೆ ಯಾರೂ ಜಾಸ್ತಿ ಮಾತಾಡಲ್ಲ, ಇರಲಿ. 1994ರಲ್ಲಿ ಬಂದ ಐಟಿಸಿ ಬೊಡೋನಿ ಅನ್ನೋ ಫಾಂಟಿನಲ್ಲೂ 6, 12, 72 ಅಂತ ಮೂರು ಅಳತೆಗೆ ಮೂರು ಬಗೆ ಬರೆದಿದ್ದಾರೆ. ನಾನು 72ರದ್ದನ್ನು ಹಿಡಿದು 9ಕ್ಕೆ ಕುಗ್ಗಿಸಿದೆ. ಪರದೆ ಮೇಲೆ ದೊಡ್ಡದು ಮಾಡಿಕೊಂಡು ನೋಡುತ್ತಿದ್ದೆನಲ್ಲ, ಅಲ್ಲಿ ಎಲ್ಲಾ ಚೆಂದವೇ.

ತಪ್ಪು ಅಕ್ಷರದ್ದಲ್ಲ ಬಿಡಿ. ವೋಗ್ ಫ್ಯಾಷನ್ ಪತ್ರಿಕೆಯ ಮುಖಪುಟದಲ್ಲಿ ಇದರ ಪ್ಯಾರಿಸ್ ದಾಯಾದಿ, ಡಿಡೋ ಅನ್ನೋ ಅಕ್ಷರ, ಎಷ್ಟು ಗತ್ತಿನಿಂದ ನಿಂತಿರುತ್ತದೆ! ನುಣುಪು ಕಾಗದ, ದೊಡ್ಡ ಅಳತೆ, ಸುತ್ತ ಖಾಲಿ ಜಾಗ ಇದ್ದರೆ ಇದು ರಾಣಿ. ತರಿತರಿ ಕಾಗದದಲ್ಲಿ ಅಜ್ಜನ ಹೆಸರು, ಛತ್ರದ ವಿಳಾಸ, ಫೋನ್ ನಂಬರು ಬರೆಯೋಕೆ ರಾಣಿಯನ್ನ ಕೂರಿಸಿದ್ದು ನಾನು.

ಫೋನ್ ಇಡುವಾಗ ಚಿಕ್ಕಪ್ಪ ಕೆಮ್ಮುತ್ತಿದ್ದರು. ಎಷ್ಟು ದಿನದಿಂದ ಅಂತ ಕೇಳಬೇಕಿತ್ತು. ಕಾರ್ಡಿನ ಗಡಿಬಿಡಿಯಲ್ಲಿ ಮರೆತೆ.

ಅತ್ತಿಗೆಗೆ ಕಾರ್ಡಿನ ಫೋಟೋ ಕಳಿಸಿದೆ. “ತುಂಬಾ ಗ್ರ್ಯಾಂಡಾಗಿದೆ” ಅಂದರು. ಕೆಳಗಿನ ಸಾಲು ನೋಡಿಯೇ ಇಲ್ಲ. 350 ಕಾರ್ಡು. ಮತ್ತೆ ಹಾಕಿಸಿದರೆ ದುಡ್ಡು ನನ್ನದೇ. ಸುಮ್ನೆ ಇದ್ದುಬಿಡಲಾ ಅಂದರೆ, ನಾಳೆ ಮೇಘನಾನೇ ಬಂದು ಒಯ್ಯುತ್ತಾಳಂತೆ, ಅವಳ ಕಣ್ಣೋ…